ಟೈಮರಮ್ಮನ ಮೂವತ್ತು ಸೆಕೆಂಡು

ಬೆಳಗಿನ ಜಾವ ಐದೂವರೆ. ಮೂರನೇ ಮಹಡಿಯ ಈ ಕೋಣೆಯಲ್ಲಿ ದೀಪ ಹಾಕಿಲ್ಲ. ಕಿಟಕಿಯ ಅಂಚಿನಲ್ಲಿ ಬೂದುಬಣ್ಣದ ಬೆಳಕು ಈಗಷ್ಟೇ ಇಣುಕುತ್ತಿದೆ. ಮೇಜಿನ ಮೇಲಿನ ಕಂಪ್ಯೂಟರಿನ ಪರದೆಯೂ ಕಪ್ಪಾಗಿಯೇ ಇದೆ. ಆದರೆ ಕಂಪ್ಯೂಟರ್ ಎಚ್ಚರವಾಗಿದೆ. ಕೀಲಿಮಣೆಯ ಮೇಲೆ ಹತ್ತು ಬೆರಳು ಸರಸರನೆ ಓಡಾಡುತ್ತಿವೆ. ಪುಟ್ಟ ಸ್ಪೀಕರಿನಿಂದ ಹೊರಡುವ ಯಂತ್ರದ ದನಿ ಎಷ್ಟು ಅವಸರದ್ದೆಂದರೆ, ಹೊಸಬರ ಕಿವಿಗೆ ಅದು ಡಬ್ಬಿಯಲ್ಲಿ ಕಾಳು ಅಲುಗಿಸಿದ ಹಾಗೆ ಕೇಳುತ್ತದೆ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಎಪ್ಪತ್ತೆರಡು ವರ್ಷದ ಅತ್ತೆ ಕೂತಿದ್ದಾರೆ. ಸ್ವೆಟರಿನ ಮೇಲೆ, ಕೊರಳಿಗೆ, ಒಂದು ಸ್ಟಾಪ್‌ವಾಚ್. ಕೈಯಲ್ಲಿ ಅದರ ಮುಖ ನೋಡಲು ಒಂದು ಟಾರ್ಚ್.

"ಬಿಡ್ಲಾ?" ಎನ್ನುತ್ತಾರೆ ಅತ್ತೆ.

"ಬಿಡಿ ಅತ್ತೆ."

ಕ್ಲಿಕ್. ಇಬ್ಬರೂ ಕಿವಿಗೊಟ್ಟು ಕೂರುತ್ತಾರೆ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ. ಕೊನೆಗೆ ಯಂತ್ರ ಬಾಯಿ ಬಿಡುತ್ತದೆ: ಎರಡನೇ ಲೈನು, ಮೂವತ್ತು ಸೆಕೆಂಡು.

ಮೂವತ್ತು ಪಾಯಿಂಟ್ ಎರಡು ಎಂದು ಅತ್ತೆ ಓದಿ ಹೇಳುತ್ತಾರೆ. ಮೊದಲನೇ ಬಹುಮಾನ ಕೊಡಬಹುದು ಎಂಬ ಷರಾ ಬೇರೆ. ಬೆಳಗಿನಿಂದ ಇದು ನಲವತ್ತನೇ ಓಟ, ನಲವತ್ತೂ ಸರಿಯಾಗಿವೆ. ಆದರೂ ಸೊಸೆಯ ಮುಖದಲ್ಲಿ ನಗುವಿಲ್ಲ. ಇದೇ ಟೈಮರು ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಹತ್ತರಲ್ಲಿ ಮೂರು ಸಲ ಬಾಯಿಯನ್ನೇ ಬಿಡುವುದಿಲ್ಲ.

ಸೊಸೆಗೆ ನಲವತ್ತೊಂದು ವರ್ಷ. ಹತ್ತೊಂಬತ್ತರಲ್ಲಿ ದೃಷ್ಟಿ ಹೋಯಿತು. ಒಂಬತ್ತರಿಂದ ಐದರವರೆಗೆ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಕೆಲಸ. ಎಂಜಿನಿಯರುಗಳು ದನಿಯಲ್ಲಿ ಹೇಳಿ ಕಳಿಸುವ ವರದಿಗಳನ್ನು ಕೇಳಿ ಟೈಪ್ ಮಾಡುವುದು. ಇನ್ನೊಂದು ಕೆಲಸ ಬೆಳಗ್ಗೆ ಐದರಿಂದ ಏಳೂವರೆಯವರೆಗಿನದು. ಅದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರಿಲ್ಲ. ಮುಖ ನೋಡದೆ, ದನಿಯಿಂದ ಮತ್ತು ಪತ್ರಗಳಿಂದ ಪರಿಚಯವಾದವರು ಇಟ್ಟ ಅಡ್ಡಹೆಸರೊಂದಿದೆ: ಟೈಮರಮ್ಮ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲೆ ಇರುವುದನ್ನು ಅದು ಓದಿ ಹೇಳುತ್ತದೆ. ಅದು ಎಲ್ಲವನ್ನೂ ಬಲ್ಲದ್ದೇನಲ್ಲ. ಒಂದೊಂದು ಕಚೇರಿಯ ಕೆಲಸ ಒಂದೊಂದು ಥರ ಇರುವುದರಿಂದ, ಬಳಸುವವರು ತಮಗೆ ಬೇಕಾದ ಚಿಕ್ಕಪುಟ್ಟ ಆಡ್-ಆನ್‌ಗಳನ್ನು ಬರೆದೋ ಬರೆಸಿಯೋ ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಆ ಆಡ್-ಆನ್‌ಗಳ ಸ್ಕ್ರಿಪ್ಟಿನಲ್ಲಿ, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಸೂಚನೆಗಳಲ್ಲಿ, ಟೈಮರುಗಳಿರುತ್ತವೆ: ಇಷ್ಟು ಸೆಕೆಂಡಾದ ಮೇಲೆ ಇದನ್ನು ಹೇಳು ಎಂಬ ಆಜ್ಞೆಗಳು. ಕೈ ಕೊಡುವುದು ಹೆಚ್ಚಾಗಿ ಅವೇ. ಪರೀಕ್ಷೆ ಬರೆಯುವ ಹುಡುಗಿಗೆ "ಇನ್ನು ಐದು ನಿಮಿಷ" ಎಂದು ಹೇಳಬೇಕಾದ ಟೈಮರು, ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದಮೇಲೆ ಹೇಳುತ್ತದೆ. ಚೆಸ್ ಆಡುವವರೊಬ್ಬರ ಟೈಮರು ಎದುರಾಳಿಯ ಗಡಿಯಾರವನ್ನಷ್ಟೇ ಶ್ರದ್ಧೆಯಿಂದ ಕಾಯುತ್ತದೆ. ಇವರೆಲ್ಲರ ಪತ್ರ ಟೈಮರಮ್ಮನಿಗೆ ಬರುತ್ತವೆ, ತಿಂಗಳಿಗೆ ಹತ್ತು-ಹನ್ನೆರಡು. ಆರು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಟೈಮರುಗಳ ನಾಡಿ ಹಿಡಿದಿದ್ದಾರೆ.

"ಹತ್ತು ದೂರು ಬಂದ್ರೆ ಆರರಲ್ಲಿ ಟೈಮರು ಪಾಪದ್ದು. ಅದು ಸಮಯಕ್ಕೆ ಸರಿಯಾಗೇ ಕೂಗಿರುತ್ತೆ, ಇನ್ನೇನೋ ಅದರ ಬಾಯಿ ಮುಚ್ಚಿಸಿರುತ್ತೆ," ಎನ್ನುತ್ತಾರೆ ಅವರು. "ಮನೇಲಿ ಏನು ಕಳೆದ್ರೂ ಕೆಲಸದವರ ಮೇಲೆ ಹಾಕ್ತಾರಲ್ಲ, ಹಾಗೆ."

ಅವರು ಇದಕ್ಕೆ ಇಳಿದದ್ದು ಸ್ವಂತ ನಷ್ಟದಿಂದ. ಹತ್ತು ನಿಮಿಷಕ್ಕೊಮ್ಮೆ "ಉಳಿಸಿಕೋ" ಎಂದು ಎಚ್ಚರಿಸಬೇಕಿದ್ದ ಆಡ್-ಆನ್ ಒಂದು ದಿನ ಸುಮ್ಮನಾಯಿತು. ಕರೆಂಟು ಹೋಯಿತು. ಸೇತುವೆಯೊಂದರ ತಪಾಸಣೆಯ ಹದಿನಾಲ್ಕು ಪುಟದ ವರದಿ ಗಾಳಿಪಾಲಾಯಿತು. ಆ ಆಡ್-ಆನ್ ಬರೆದವರನ್ನು ಹುಡುಕಿದರೆ ಅವರು ಅದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬೇರೆಯವರು, ನೀವೇ ನೋಡಿ ಎಂದರು. ಸರಿ, ನಾನೇ ನೋಡುತ್ತೇನೆ ಎಂದು ಹಟ ಹಿಡಿದು ಎಂಟು ತಿಂಗಳು ಬೆಳಗಿನ ಜಾವ ಎದ್ದು ಕಲಿತರು. ಒಂದು ಪುಟದ ಪಾಠ ಕೇಳಿ ತಿಳಿಯಲು ಒಂದೊಂದು ಸಲ ವಾರ ಹಿಡಿಯಿತು. ಚಿತ್ರ ತೋರಿಸಿ "ಇಲ್ಲಿ ನೋಡಿ" ಎಂದು ಬರೆದ ಪಾಠಗಳ ಮೇಲೆ ಅವರಿಗೆ ಇವತ್ತಿಗೂ ಸಿಟ್ಟಿದೆ.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಟೀ ತಂದಿಟ್ಟು, ಕಪ್ಪಿನ ಹಿಡಿಯನ್ನು ಹೆಂಡತಿಯ ಬಲಗೈ ಕಡೆಗೆ ತಿರುಗಿಸುತ್ತಾರೆ. ತಮ್ಮ ಕಸುಬೂ ಇಂಥದ್ದೇ, ಮೇಲಕ್ಕೆ ಹೋದದ್ದು ಕೆಳಗೆ ಬಂದರೆ ಯಾರೂ ಹೆಸರು ಕೇಳುವುದಿಲ್ಲ ಎಂದು ನಗುತ್ತಾರೆ. ಅತ್ತೆ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಆಟದ ಟೀಚರಾಗಿದ್ದವರು. ನಿವೃತ್ತಿಯಾದಾಗ ಶಾಲೆಗೆ ಸೀಟಿ ವಾಪಸ್ ಕೊಟ್ಟರು, ಸ್ಟಾಪ್‌ವಾಚ್ ಕೊಡಲಿಲ್ಲ. ಕಂಪ್ಯೂಟರಿನ ಗಡಿಯಾರವನ್ನು ಕಂಪ್ಯೂಟರಿನಿಂದಲೇ ಅಳೆಯುವುದು, ಕಳ್ಳನ ಬಗ್ಗೆ ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ ಎಂದು ಸೊಸೆ ಹೇಳಿದಂದಿನಿಂದ ಅವರಿಗೆ ದಿನವೂ ಡ್ಯೂಟಿ.

ಇವತ್ತು ಮಂಗಳವಾರ. ಮನೆಯವರೆಲ್ಲರ ತಲೆಯಲ್ಲಿ ಇರುವುದು ಶುಕ್ರವಾರ.

ಆ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಪಾಳಿಗೆ ಕೂರುವ ಆಪರೇಟರ್‌ಗೆ ಐವತ್ನಾಲ್ಕು ವರ್ಷ. ಅವರಿಗೂ ಕಣ್ಣು ಕಾಣುವುದಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ಹೊರಗಿನಿಂದ ಬಂದ ಕರೆಯನ್ನು ಅವರು ವಾರ್ಡಿಗೆ ಜೋಡಿಸುತ್ತಾರೆ. ವಾರ್ಡಿನಲ್ಲಿ ಯಾರೂ ಎತ್ತದಿದ್ದರೆ ಆ ಕರೆ ಕಾಯುತ್ತಾ ನಿಲ್ಲುತ್ತದೆ. ಕಣ್ಣಿದ್ದವರಿಗೆ ಪರದೆಯ ಮೇಲೆ ಕೆಂಪು ಗುರುತು ಕಾಣುತ್ತದೆ. ಇವರಿಗೆ ಟೈಮರಮ್ಮನ ಸ್ಕ್ರಿಪ್ಟು ಮೂವತ್ತನೇ ಸೆಕೆಂಡಿಗೆ ಹೇಳುತ್ತದೆ, ಇಂಥ ಲೈನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂದು. ಕಳೆದ ತಿಂಗಳು ಅದು ಹೇಳಲಿಲ್ಲ. ತಂದೆಯ ಆಪರೇಶನ್ ಏನಾಯಿತೆಂದು ಕೇಳಲು ಫೋನ್ ಮಾಡಿದ್ದವರೊಬ್ಬರು ಹನ್ನೊಂದು ನಿಮಿಷ ಕಾದು, ಆಮೇಲೆ ಕಾರು ಹತ್ತಿ ಬಂದು ಸ್ವಾಗತದ ಮೇಜಿನ ಮುಂದೆ ನಿಂತು ಕೂಗಾಡಿದರು. ಆಪರೇಶನ್ ಚೆನ್ನಾಗಿಯೇ ಆಗಿತ್ತು, ಅದು ಬೇರೆ ಮಾತು.

ಮೇಲ್ವಿಚಾರಕಿ ಗಡುವು ಕೊಟ್ಟಿದ್ದಾರೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಆಪರೇಟರ್ ಸೋಮವಾರದಿಂದ ಬಟ್ಟೆ ಕೋಣೆಗೆ. ಹಾಸಿಗೆ ಹೊದಿಕೆ ಮಡಚುವ ಕೆಲಸ.

ಟೈಮರಮ್ಮನಿಗೆ ನಿದ್ದೆ ಬಾರದಿರುವುದು ಗಡುವಿನಿಂದಲ್ಲ, ತಾವೇ ಆಡಿದ ಒಂದು ಮಾತಿನಿಂದ. ಮೊದಲ ದೂರು ಬಂದಾಗ ಅವರು ಮನೆಯಲ್ಲಿ ಹೀಗೆಯೇ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು. ಸ್ಕ್ರೀನ್ ರೀಡರ್ ಬಳಸುವವರಿಗೆಲ್ಲ ಒಂದು ಚಾಳಿ ಇರುತ್ತದೆ: ಯಂತ್ರ ವಟಗುಟ್ಟತೊಡಗಿದರೆ ಎಡಗೈ ಕಿರುಬೆರಳು ತಾನಾಗಿ ಕಂಟ್ರೋಲ್ ಕೀ ಒತ್ತುತ್ತದೆ. ಒತ್ತಿದೊಡನೆ ಅದು ಸುಮ್ಮನಾಗುತ್ತದೆ. ಹಾಗಾಗಿ ಅವರು ಆಪರೇಟರ್‌ಗೆ ಫೋನಿನಲ್ಲಿ ಹೇಳಿಬಿಟ್ಟರು, ಅಕ್ಕಾ, ಟೈಮರು ಸರಿಯಿದೆ, ನಿಮ್ಮ ಬೆರಳೇ ಅದನ್ನು ಸುಮ್ಮನಿರಿಸುತ್ತಿರಬೇಕು ಎಂದು. ಪಕ್ಕದಲ್ಲಿದ್ದ ಮೇಲ್ವಿಚಾರಕಿಗೆ ಅಷ್ಟು ಸಾಕಾಯಿತು. ಈಗ ಕಾಗದದ ಮೇಲೆ ಕಾರಣ ಎಂದು ಇರುವುದು "ಆಪರೇಟರ್ ಅಜಾಗರೂಕತೆ".

"ಬಾಯಿ ನನ್ನದು, ಬಿದ್ದಿದ್ದು ಅವರ ಕುರ್ಚಿ ಮೇಲೆ," ಎನ್ನುತ್ತಾರೆ ಟೈಮರಮ್ಮ. ಇದನ್ನು ಹೇಳುವಾಗ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನಿರುತ್ತವೆ.

ಗುರುವಾರ ಅವರು ಅರ್ಧ ದಿನ ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೇ ಆಸ್ಪತ್ರೆಗೆ ಹೋಗುತ್ತಾರೆ. ಎಕ್ಸ್‌ಚೇಂಜ್ ಇರುವುದು ನೆಲಮಹಡಿಯಲ್ಲಿ, ಮೆಟ್ಟಿಲ ಹಿಂದೆ. ಕಿಟಕಿಯಿಲ್ಲದ ಕೋಣೆ, ಆರು ಲೈನು, ಒಂದು ಹಳೆಯ ಫ್ಯಾನು, ಸೀಟಿನ ಮೇಲೆ ಕೈಯಿಂದ ಹೊಲಿದ ದಿಂಬು. ಆಪರೇಟರ್ ಕತ್ತು ತಿರುಗಿಸುವುದಿಲ್ಲ. ಜೇನಿನಂಥ ದನಿಯಲ್ಲಿ ಕರೆಗಳನ್ನು ಜೋಡಿಸುತ್ತಾರೆ. ಹದಿನೈದು ನಿಮಿಷವಾದ ಮೇಲೆ ಪಕ್ಕದಲ್ಲಿ ಕೂತವರಿಗೆಂದು ಒಂದೇ ಮಾತು ಬರುತ್ತದೆ.

"ಇಪ್ಪತ್ತಾರು ವರ್ಷ ಈ ಬೆರಳು ನಾನು ಹೇಳ್ದಂಗೆ ಕೇಳಿದೆ, ತಂಗಿ. ನಿಮಗೆ ಅದರ ಮೇಲೆ ನಂಬಿಕೆ ಬರಲ್ಲ ಅಂದ್ರೆ ತಗೊಳ್ಳಿ."

ಹೇಳಿ, ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆಯೇ ಕೂತುಬಿಡುತ್ತಾರೆ. ಆಮೇಲೆ ಮೂರು ಗಂಟೆ ಒಂದೇ ಕೈಯಲ್ಲಿ ಆಸ್ಪತ್ರೆ ನಡೆಸುತ್ತಾರೆ. ಬಲಗೈ ಕಂಟ್ರೋಲ್ ಕೀಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಮನೆಯಲ್ಲಿ ಟೈಮರಮ್ಮ ಪರೀಕ್ಷೆ ಮಾಡುವಾಗ ಕಂಪ್ಯೂಟರಿನಲ್ಲಿ ತಪಾಸಣೆಯ ಕಿಟಕಿಯೊಂದನ್ನು ತೆರೆದಿಡುತ್ತಾರೆ. ಟೈಮರು ಹುಟ್ಟಿದೆಯೇ, ಓಡುತ್ತಿದೆಯೇ ಎಂದು ಅದರಲ್ಲಿ ಕೇಳಿ ತಿಳಿಯಬಹುದು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆಯಲು ಅನುಮತಿಯಿಲ್ಲ. ಅದಕ್ಕೇ ಸ್ಕ್ರಿಪ್ಟಿಗೆ ಎರಡು ಸದ್ದು ಸೇರಿಸಿ ತಂದಿದ್ದಾರೆ. ಟೈಮರು ಹೊರಟಾಗ ಟಿಂ, ಗುರಿ ಮುಟ್ಟಿದಾಗ ಟೊಂ. ನಡುವೆ ಯಾರಾದರೂ ಕರೆ ಎತ್ತಿದರೂ ಟೈಮರು ಮೂವತ್ತು ಮುಟ್ಟಿ ಟೊಂ ಎನ್ನಲೇಬೇಕು, ಮಾತು ಮಾತ್ರ ಆಡುವುದಿಲ್ಲ. ಕಂಟ್ರೋಲ್ ಕೀ ಮಾತನ್ನು ನಿಲ್ಲಿಸಬಹುದು, ಈ ಸದ್ದನ್ನು ನಿಲ್ಲಿಸಲಾರದು.

ಎಂಟರವರೆಗೆ ಸಮಾಧಾನ. ಟಿಂ ಎಂದದ್ದೆಲ್ಲ ಟೊಂ ಎನ್ನುತ್ತದೆ. ಎಂಟಕ್ಕೆ ವಾರ್ಡುಗಳಲ್ಲಿ ಪಾಳಿ ಬದಲಾಗುವ ಹೊತ್ತು. ಊರಿಗೆ ಊರೇ ಫೋನ್ ಹಿಡಿದಂತೆ ಆರೂ ಲೈನುಗಳು ಒಟ್ಟಿಗೆ ಎದ್ದು ಕೂರುತ್ತವೆ. ಟಿಂ, ಟಿಂ, ಟೊಂ, ಟಿಂ. ಟೈಮರಮ್ಮ ಬಲಗೈ ಗೆಣ್ಣುಗಳಲ್ಲಿ ಟಿಂ ಎಣಿಸುತ್ತಾರೆ, ಎಡಗೈ ಗೆಣ್ಣುಗಳಲ್ಲಿ ಟೊಂ. ಗದ್ದಲ ಇಳಿದಾಗ ಬಲಗೈಯಲ್ಲಿ ಹತ್ತೊಂಬತ್ತು, ಎಡಗೈಯಲ್ಲಿ ಹದಿಮೂರು.

ಆರು ಟೈಮರು ಹೊರಟವು, ಮುಟ್ಟಲಿಲ್ಲ. ಯಾರೂ ಅವುಗಳ ಬಾಯಿ ಮುಚ್ಚಿಸಲಿಲ್ಲ.

ಅಲ್ಲಿಯೇ, ಅದೇ ಕೋಣೆಯಲ್ಲಿ, ಅವರು ಆಪರೇಟರ್ ಬಳಿ ಕ್ಷಮೆ ಕೇಳುತ್ತಾರೆ. ಕ್ಷಮೆಯನ್ನು ನಾಳೆ ಮೇಲ್ವಿಚಾರಕಿಯ ಮುಂದೆ ಕೇಳಿ, ಈಗ ಟೈಮರು ಹುಡುಕಿ ಎನ್ನುತ್ತಾರೆ ಆಪರೇಟರ್. ಕೈ ಮಾತ್ರ ತೊಡೆಯ ಕೆಳಗಿನಿಂದ ಹೊರಗೆ ಬರುವುದಿಲ್ಲ. ಜೋಮು ಹಿಡಿದಿದೆಯಂತೆ.

ಸಂಜೆ ಮನೆಯಲ್ಲಿ ಸೊಸೆ ಊಟದ ತಟ್ಟೆಯ ಮುಂದೆ ಕೂತು ಮನಸ್ಸಿನಲ್ಲಿ ಅದನ್ನೇ ಜಾಲಾಡುತ್ತಿದ್ದಾರೆ. ಅದೇ ಸ್ಕ್ರಿಪ್ಟು, ಅದೇ ಸ್ಕ್ರೀನ್ ರೀಡರು. ಇಲ್ಲಿ ಸರಿ, ಅಲ್ಲಿ ತಪ್ಪು. ಅತ್ತೆಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

"ಇಲ್ಲಿ ನೀನು ನೋಡ್ತಾ ಇರ್ತೀಯ, ಅಲ್ಲಿ ಯಾರೂ ನೋಡಲ್ಲ. ನಾನು ಮೈದಾನದಲ್ಲಿ ನಿಂತಿದ್ರೆ ಮಕ್ಕಳು ನಾಲ್ಕು ಸುತ್ತೂ ಓಡ್ತಿದ್ವು. ತಿರುಗಿದ್ನೋ, ಎರಡನೇ ಸುತ್ತಿಗೇ ಮರದ ಕೆಳಗೆ."

ಗಂಡ ನಗುತ್ತಾರೆ. ಸೊಸೆ ನಗುವುದಿಲ್ಲ. ತುತ್ತು ಕೈಯಲ್ಲೇ ಇರುವಾಗ ಎದ್ದು ಕಂಪ್ಯೂಟರಿನ ಹತ್ತಿರ ಹೋಗುತ್ತಾರೆ, ಎಡಗೈಯಿಂದಲೇ ತಪಾಸಣೆಯ ಕಿಟಕಿಯನ್ನು ಮುಚ್ಚುತ್ತಾರೆ. ಕೈ ತೊಳೆದು ಬಂದು, ಹುಸಿ ಕರೆಗಳನ್ನು ಒಂದರ ಮೇಲೊಂದು ಸುರಿಸಿ, ಕಿವಿಯಿಟ್ಟು ಕೂರುತ್ತಾರೆ. ಟಿಂ. ಮೂವತ್ತು ಸೆಕೆಂಡು. ನಲವತ್ತು. ಒಂದು ನಿಮಿಷ. ಟೊಂ ಇಲ್ಲ. ಮೂರು ವಾರದಲ್ಲಿ ಈ ಮನೆಯಲ್ಲಿ ಅದು ಮೊದಲ ಸಲ ತಪ್ಪಿದ್ದು. ತಪ್ಪಿದ್ದಕ್ಕೆ ಇಷ್ಟು ಸಂತೋಷಪಡುವ ಮನೆ ಇನ್ನೊಂದಿರಲಾರದು. ಅತ್ತೆ ಚಪ್ಪಾಳೆಯನ್ನೇ ತಟ್ಟುತ್ತಾರೆ.

ಆದದ್ದು ಇಷ್ಟು. ಕಂಪ್ಯೂಟರಿನೊಳಗೆ ಯಾರ ಕೈಯಲ್ಲೂ ಇಲ್ಲದ ವಸ್ತುವನ್ನು ಕಸವೆಂದು ಗುಡಿಸಿ ಹಾಕುವ ಏರ್ಪಾಡು ಇದೆ. ಸ್ಕ್ರಿಪ್ಟು ಟೈಮರನ್ನು ಹುಟ್ಟಿಸುತ್ತಿತ್ತು, ಹುಟ್ಟಿಸಿ ಕೈ ಬಿಟ್ಟುಬಿಡುತ್ತಿತ್ತು. ಕೆಲಸ ಕಡಿಮೆಯಿದ್ದಾಗ ಪೊರಕೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಟೈಮರು ಗುರಿ ಮುಟ್ಟಿರುತ್ತದೆ. ಗದ್ದಲ ಹೆಚ್ಚಿದಷ್ಟೂ ಪೊರಕೆ ಬೇಗ ಬೇಗ ಬರುತ್ತದೆ. ಕರೆಗಳು ಹೆಚ್ಚಾದಾಗಲೇ, ಅಂದರೆ ತೀರಾ ಬೇಕಾದಾಗಲೇ, ಟೈಮರು ಅರ್ಧ ದಾರಿಯಲ್ಲಿ ಕಸದ ಪಾಲು. ಟೈಮರಮ್ಮನ ಮೇಜಿನ ಮೇಲೆ ಮಾತ್ರ ಹಾಗಾಗಲಿಲ್ಲ, ಏಕೆಂದರೆ ತಪಾಸಣೆಯ ಕಿಟಕಿ ತಾನು ನೋಡುತ್ತಿದ್ದ ಟೈಮರಿನ ಕೈ ಹಿಡಿದುಕೊಂಡಿತ್ತು. ತಪ್ಪನ್ನು ಹುಡುಕಲು ಇಟ್ಟ ಕಾವಲೇ ತಪ್ಪನ್ನು ಕಾಪಾಡಿತು.

"ಇದು ನಮ್ಮ ಕಸುಬಿನವರೇ ಮಾಡೋ ದಡ್ಡತನ. ಬೇರೆಯವರಿಗೆ ಮಾಡೋಕೂ ಬರಲ್ಲ," ಎನ್ನುತ್ತಾರೆ ಟೈಮರಮ್ಮ. ರಿಪೇರಿ ಎರಡೇ ಸಾಲು: ಹೊರಟ ಟೈಮರಿನ ಕೈ ಹಿಡಿದುಕೋ, ಮುಟ್ಟಿದ ಮೇಲೆ ಬಿಡು. ಕಿಟಕಿ ಮುಚ್ಚಿ, ಹುಸಿ ಕರೆ ಸುರಿಸಿ, ಅರವತ್ತು ಸಲ ಓಡಿಸುತ್ತಾರೆ. ಅರವತ್ತೂ ಮುಟ್ಟುತ್ತವೆ. ಅತ್ತೆ ಸ್ಟೂಲಿನ ಮೇಲೆ ತೂಕಡಿಸುತ್ತಲೇ ಕೊನೆಯ ಹತ್ತಕ್ಕೆ ಬಹುಮಾನ ಹಂಚುತ್ತಾರೆ.

ಶುಕ್ರವಾರ ಎಂಟಕ್ಕೆ ಎಕ್ಸ್‌ಚೇಂಜಿನಲ್ಲಿ ಮೂರು ಕುರ್ಚಿ. ಮೇಲ್ವಿಚಾರಕಿ ಗಡಿಯಾರ ಕಟ್ಟಿದ ಕೈಯನ್ನು ಮೇಜಿನ ಮೇಲೆ ಚಾಚಿ, ಪರದೆಯ ಕೆಂಪು ಗುರುತುಗಳ ಮೇಲೆ ಕಣ್ಣಿಟ್ಟು ಕೂತಿದ್ದಾರೆ. ಕರೆಗಳು ಶುರುವಾಗುವ ಮೊದಲೇ ಟೈಮರಮ್ಮ ಎದ್ದು ನಿಂತು ಮಾತು ಮುಗಿಸುತ್ತಾರೆ. ಬರೆದು ತಂದದ್ದಲ್ಲ, ಆದರೆ ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡದ್ದು ಗೊತ್ತಾಗುತ್ತದೆ.

"ತಪ್ಪು ಅಕ್ಕನ ಬೆರಳಿಂದಲ್ಲ ಮೇಡಂ. ಸ್ಕ್ರಿಪ್ಟ್ ನಂದು, ತಪ್ಪು ನಂದು. ಬೆರಳು ಅಂದಿದ್ದೂ ನಾನೇ. ಕಾಗದದಲ್ಲಿ ಬರೆದಿದ್ದನ್ನ ದಯವಿಟ್ಟು ತಿದ್ದಿ."

ಮೇಲ್ವಿಚಾರಕಿ, ಮೊದಲು ನೋಡೋಣ ಎನ್ನುತ್ತಾರೆ. ಎರಡು ಗಂಟೆ ನೋಡುತ್ತಾರೆ. ಐವತ್ತೆರಡು ಕರೆ ಬರುತ್ತವೆ. ಅವುಗಳಲ್ಲಿ ಹದಿನೇಳು ಕರೆ ಮೂವತ್ತು ಸೆಕೆಂಡು ದಾಟಿ ಕಾಯುತ್ತವೆ. ಹದಿನೇಳನ್ನೂ ಯಂತ್ರ ಹೇಳುತ್ತದೆ. ಒಂದು ಸಲ, ಗದ್ದಲದ ನಡುವೆ, ಮೇಲ್ವಿಚಾರಕಿಯ ಕಣ್ಣು ಕೆಂಪು ಗುರುತಿನ ಮೇಲೆ ಬೀಳುವ ಮೊದಲೇ ಆಪರೇಟರ್ ಆ ಲೈನನ್ನು ಎತ್ತಿ, ಅಲ್ಲಿದ್ದ ಮುದುಕಿಗೆ ಸಮಾಧಾನ ಹೇಳಿಯೂ ಆಗಿರುತ್ತದೆ. ಮೇಲ್ವಿಚಾರಕಿ ಕೈಗಡಿಯಾರದ ಮೇಲೆ ಕೋಟಿನ ತೋಳು ಎಳೆದುಕೊಳ್ಳುತ್ತಾರೆ. ಪೆನ್ನು ಕೇಳುತ್ತಾರೆ. ಕಾಗದದ ಮೇಲಿನ ಎರಡು ಪದಗಳನ್ನು ಹೊಡೆದುಹಾಕಿ, ಹೊಡೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿಸಿಕೊಳ್ಳಬೇಕಾದವರಿಬ್ಬರಿಗೂ ಅದು ಕಾಣುವುದಿಲ್ಲವೆಂಬುದು ಅವರಿಗೆ ಹೊಳೆದದ್ದು ಮೆಚ್ಚಬೇಕಾದ ಮಾತು.

ಆಪರೇಟರ್ ಕುರ್ಚಿಯ ದಿಂಬನ್ನು ಸರಿಮಾಡಿಕೊಳ್ಳುತ್ತಾರೆ. ಬಟ್ಟೆ ಕೋಣೆಯಲ್ಲಿ ಮಡಚಲು ತಮಗೆ ನಿಜವಾಗಿಯೂ ಬರುವುದಿಲ್ಲ, ಮನೆಯಲ್ಲಿ ಗಂಡನೇ ಮಡಚುವುದು ಎಂದು ಒಪ್ಪಿಕೊಳ್ಳುತ್ತಾರೆ.

ಮೂರು ವಾರದ ನಂತರದ ಒಂದು ಬೆಳಗ್ಗೆ, ಆರೂಕಾಲರ ಹೊತ್ತು. ಟೈಮರಮ್ಮನ ಮುಂದೆ ಹನ್ನೊಂದು ಪತ್ರ ಕಾದಿವೆ. ಮೊದಲನೆಯದು ಒಬ್ಬ ರೇಡಿಯೋ ವಾರ್ತಾವಾಚಕರದು. ಅವರ ಟೈಮರು ವಾರ್ತೆ ಮುಗಿಯುವ ಮೊದಲೇ ನಮಸ್ಕಾರ ಹೇಳು ಎನ್ನುತ್ತದಂತೆ. ಅದನ್ನು ತೆರೆಯುವ ಮೊದಲು ಒಂದು ಕೆಲಸವಿದೆ ಎಂದು ಅವರು ಸ್ವಲ್ಪ ಸಂಕೋಚದಿಂದ ಫೋನ್ ಎತ್ತಿಕೊಳ್ಳುತ್ತಾರೆ. ಕರೆಗಳು ಕಡಿಮೆಯಿರುವ ಹೊತ್ತು ಇದು, ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಸ್ಟೂಲಿನ ಮೇಲಿದ್ದ ಅತ್ತೆಗೆ ತಾವಾಗಿಯೇ ಸಮಜಾಯಿಷಿ ಕೊಡುತ್ತಾರೆ. ದನಿ ತುಸು ದಪ್ಪ ಮಾಡಿಕೊಂಡು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ಕೇಳುತ್ತಾರೆ. ಆ ವಿಭಾಗ ತೆರೆಯುವುದು ಒಂಬತ್ತಕ್ಕೆ. ಅಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬಾರದು.

ಫೋನ್ ಕಿವಿಗಿಟ್ಟುಕೊಂಡು ಕಾಯುತ್ತಾರೆ. ತುಟಿ ಮಾತ್ರ ಅಲುಗುತ್ತದೆ. ಇಪ್ಪತ್ತೇಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು.

ಆ ಕಡೆಯಿಂದ ಜೇನಿನಂಥ ದನಿ ಬರುತ್ತದೆ. ಅಲ್ಲಿ ಇನ್ನೂ ಯಾರೂ ಬಂದಿಲ್ಲ, ಕಾಯುತ್ತೀರಾ ಎಂದು ಕೇಳುತ್ತದೆ. ಬೇಡ, ಒಂಬತ್ತಕ್ಕೆ ಮಾಡುತ್ತೇನೆ ಎಂದು ಟೈಮರಮ್ಮ ದಪ್ಪ ದನಿಯಲ್ಲೇ ಹೇಳುತ್ತಾರೆ.

"ಆಗ್ಲಿ ತಂಗಿ," ಎನ್ನುತ್ತಾರೆ ಆಪರೇಟರ್. "ಒಂಬತ್ತಕ್ಕೆ ಮಾಡ್ಬೇಡಿ, ಆಗ ರಶ್ ಇರುತ್ತೆ. ಪರೀಕ್ಷೆ ಮಾಡೋದಿದ್ರೆ ನಾಳೆ ಇದೇ ಹೊತ್ತಿಗೆ ಮಾಡಿ."

ಸಿಕ್ಕಿಬಿದ್ದ ನಗುವಿನಲ್ಲಿ ಟೈಮರಮ್ಮನ ಕಿವಿಯೂ ಕೆಂಪಾಗುತ್ತದೆ. ಫೋನ್ ಇಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ವಾರ್ತಾವಾಚಕರ ಪತ್ರವನ್ನು ತೆರೆಯುತ್ತಾರೆ.

"ಮೂವತ್ತೊಂದು ಆಗ್ಲಿಲ್ಲ, ನೋಡಿದ್ರಾ ಅತ್ತೆ," ಎನ್ನುತ್ತಾರೆ.